ಎಡಗೈಯಲ್ಲಿ ಬರೆದ ಬುಟ್ಟಿ

ನೀವು ಬಿಡಿಸಿದ ಚಿತ್ರದ ಮೇಲೆ ಯಾರಾದರೂ ಸಗಣಿ ಬಳಿದದ್ದು ಉಂಟೇ?

ನನ್ನ ಚಿತ್ರದ ಮೇಲೆ ಬಳಿದರು. ಹೋದ ವಾರ, ಹಾಡಹಗಲಲ್ಲಿ, ಮನೆಮಂದಿ ನೋಡುತ್ತಿರುವಾಗಲೇ. ಬಳಿದವರು ಯಾರು ಅಂತೀರಾ? ನಾನೇ. ಇವೇ ಎರಡು ಕೈಗಳಿಂದ.

ಇರಿ, ಮೊದಲಿಂದ ಹೇಳುತ್ತೇನೆ.

ಈ ಅಂಕಣದ ಪಕ್ಕದಲ್ಲಿ ಪ್ರತಿ ವಾರ ನಾನೇ ಬಿಡಿಸಿದ ಪುಟ್ಟ ಚಿತ್ರವೊಂದು ಇರುತ್ತದೆ, ನಿಮಗೆ ಗೊತ್ತು. ನಿಮಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಒಂಬತ್ತು ತಿಂಗಳಿಂದ ನಾನು ಒಂದೇ ಒಂದು ಹೊಸ ಚಿತ್ರ ಬಿಡಿಸಿಲ್ಲ. ಹಳೆಯದನ್ನೇ ಎಡಕ್ಕಿದ್ದದ್ದನ್ನು ಬಲಕ್ಕೆ ತಿರುಗಿಸಿ, ಬಣ್ಣ ಸ್ವಲ್ಪ ಬದಲಿಸಿ ಕಳಿಸುತ್ತಿದ್ದೆ. ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಿದ್ದೆ. ಯಲ್ಲಾಪುರದ ಓದುಗರೊಬ್ಬರು ಮೆಸೇಜ್ ಮಾಡಿದರು: ‘ಮೇಡಂ, ಆ ಬೆಕ್ಕು ಯುಗಾದಿಗೆ ಆ ಕಡೆ ಮುಖ ಮಾಡಿತ್ತು, ಈಗ ಈ ಕಡೆ ಮಾಡಿದೆ. ಬಾಲ ಮಾತ್ರ ಹಾಗೇ ಇದೆ.’ (ಕಣ್ಣು ಅಂದರೆ ಅದು ಕಣ್ಣು. ನನಗೆ ಮೂರು ದಿನ ಊಟ ಸೇರಲಿಲ್ಲ.)

ಯಾಕೆ ಬಿಡಿಸಲಿಲ್ಲ? ಕಾರಣಗಳಿಗೇನು ಬರವೇ! ಮೊದಲು ಟೇಬಲ್ ಸರಿಯಿಲ್ಲ ಎನಿಸಿತು, ಹೊಸ ಟೇಬಲ್ ಬಂತು. ಆಮೇಲೆ ಬೆಳಕು ಸಾಲದು ಎನಿಸಿತು, ದೀಪ ಬಂತು. ಪಕ್ಕದ ಮನೆಯ ಮಿಕ್ಸರ್ ಸದ್ದಿಗೆ ಮನಸ್ಸು ನಿಲ್ಲುತ್ತಿಲ್ಲ ಎಂದು ಕಿವಿಗೆ ಹತ್ತಿ ತುರುಕಿಕೊಂಡೆ. ‘ಕ್ರಿಯೇಟಿವ್ ಬ್ಲಾಕ್’ ದಾಟುವುದು ಹೇಗೆ ಎಂಬ ಆನ್‌ಲೈನ್ ಕೋರ್ಸನ್ನೂ ಮುಗಿಸಿದೆ. ಸರ್ಟಿಫಿಕೇಟ್ ಬಂತು, ಚಿತ್ರ ಬರಲಿಲ್ಲ. ಫೋನಿನಲ್ಲಿ ‘ಇನ್‌ಸ್ಪಿರೇಶನ್’ ಎಂಬ ಫೋಲ್ಡರ್ ಮಾಡಿ ಯಾರ್‍ಯಾರದೋ ಸಾವಿರಾರು ಚಿತ್ರಗಳನ್ನು ತುಂಬಿಟ್ಟೆ. ಬೆಳಿಗ್ಗೆ ಎದ್ದು ಅದನ್ನು ನೋಡುವುದು, ‘ಆಹಾ’ ಅನ್ನುವುದು, ಇನ್ನೆರಡು ತುಂಬುವುದು. ಕೆಲಸ ಮಾಡಿದಷ್ಟೇ ಸುಸ್ತಾಗುತ್ತಿತ್ತು.

ಶಿರಸಿಯ ನನ್ನ ಮನೆಯ ಮುಂದಿನ ಕೋಣೆಯಲ್ಲಿ ವಾರಕ್ಕೆರಡು ದಿನ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತೇನೆ. ಅಲ್ಲಿಗೆ ಬರುವ ತಾಯಂದಿರು ಆಗಾಗ ಕೇಳುತ್ತಾರೆ, ‘ನಿಮಗೆ ಸ್ಫೂರ್ತಿ ಎಲ್ಲಿಂದ ಬರ್‍ತದೆ ಮೇಡಂ?’ ನಾನು ಗಂಭೀರವಾಗಿ, ‘ಸುತ್ತಲಿನ ಬದುಕಿನಿಂದ’ ಎನ್ನುತ್ತೇನೆ. ಅವರು ತಲೆದೂಗುತ್ತಾರೆ. ನಾನೂ ತಲೆದೂಗುತ್ತೇನೆ. ಆ ಸುತ್ತಲಿನ ಬದುಕನ್ನು ಕೊನೆಯ ಸಲ ಯಾವಾಗ ನೋಡಿದ್ದೆ ಎಂದು ಸದ್ಯ ಯಾರೂ ಕೇಳಲಿಲ್ಲ.

ಹೀಗಿರುವಾಗ ವಿಜಯದಶಮಿಯ ಸಂಜೆ ಸಿದ್ದಾಪುರದ ಹತ್ತಿರದ ಮನ್ಮನೆಯಿಂದ ಫೋನ್ ಬಂತು. ಮಾತಾಡಿದವಳು ಸುಮಾ. ನನ್ನ ಅಪ್ಪನ ಅಕ್ಕ ಗಿರಿಜತ್ತೆಯ ಸೊಸೆ.

‘ಅಕ್ಕಾ, ಅತ್ತೆ ಗದ್ದೆ ಬದುವಲ್ಲಿ ಜಾರಿಬಿದ್ದು ಬಲಗೈ ಮುರ್ಕೊಂಡಾರೆ. ಮುಂಗೈಯಿಂದ ಮೊಣಕೈವರೆಗೂ ಪ್ಲಾಸ್ಟರ್. ಕೈ ನೋವಿಗಿಂತ ಬುಟ್ಟಿ ಚಿಂತೆ ಅವರಿಗೆ. ನಂಗೆ ಚಿತ್ತಾರ ಬರೂದಿಲ್ಲ. ಸಿದ್ದಾಪುರದಲ್ಲಿ ಬರೆದಿಟ್ಟ ಬುಟ್ಟಿನೇ ಸಿಗ್ತದೆ, ತಂದ್ಬಿಡೂಣ ಅಂದೆ. ಗೋಡೆ ಕಡೆ ತಿರುಗಿ ಮಲಗಿದವ್ರು ಇನ್ನೂ ಈಚೆ ತಿರುಗ್ಲಿಲ್ಲ.’

ಗೊತ್ತಿಲ್ಲದವರಿಗೆ ಎರಡು ಮಾತು. ದಸರಾ ಕಳೆದು ಐದನೇ ದಿನಕ್ಕೆ ಭೂಮಿ ಹುಣ್ಣಿಮೆ. ಗದ್ದೆಯಲ್ಲಿ ಭತ್ತ ಹಾಲುಗಟ್ಟುವ ಹೊತ್ತು. ಭೂಮಿ ಈಗ ಬಸುರಿ, ಅವಳಿಗೆ ಬಯಕೆಯೂಟ ಒಯ್ಯಬೇಕು. ಒಯ್ಯುವುದು ಬಿದಿರಿನ ಬುಟ್ಟಿಯಲ್ಲಿ. ಆ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಮೈತುಂಬ ಚಿತ್ತಾರ ಬರೆಯುತ್ತಾರೆ. ಬರೆಯುವವರು ಮನೆಯ ಹೆಂಗಸರು. ಬುಟ್ಟಿ ಅದೇ ಹಳೆಯದು. ಪ್ರತಿ ವರ್ಷ ಹಳೆಯ ಚಿತ್ರದ ಮೇಲೆ ಮತ್ತೆ ಸಗಣಿ, ಮತ್ತೆ ಕೆಮ್ಮಣ್ಣು, ಮತ್ತೆ ಹೊಸ ಚಿತ್ರ. ಗಿರಿಜತ್ತೆ ಮದುವೆಯಾಗಿ ಆ ಮನೆಗೆ ಹೋದ ವರ್ಷದಿಂದ ಈವರೆಗೆ ಒಂದು ವರ್ಷವೂ ಬಿಟ್ಟವಳಲ್ಲ. ಹೆರಿಗೆಯಾಗಿ ಹದಿನೈದು ದಿನಕ್ಕೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡೇ ಬರೆದಿದ್ದಳಂತೆ.

‘ಅತ್ತೆಗೆ ಹೇಳು, ನಾನು ಬರ್‍ತೇನೆ’ ಅಂದೆ.

ಎಂಥ ಹುಮ್ಮಸ್ಸು ಬಂತೆಂದರೆ! ಧಾರವಾಡದಲ್ಲಿ ಐದು ವರ್ಷ ಚಿತ್ರಕಲೆ ಕಲಿತವಳು ನಾನು. ಒಂದು ಬುಟ್ಟಿ ಯಾವ ಲೆಕ್ಕ? ಮರುದಿನ ಮೊದಲ ಬಸ್ಸಿಗೇ ಹೊರಟೆ. ಜೋಳಿಗೆಯಲ್ಲಿ ಅಕ್ರಿಲಿಕ್ ಬಣ್ಣ, ಬೇರೆ ಬೇರೆ ನಂಬರಿನ ಏಳು ಬ್ರಶ್ಶುಗಳು, ಸ್ಕೇಲು, ಪೆನ್ಸಿಲ್ಲು. ಬಸ್ಸು ಸಿದ್ದಾಪುರ ಮುಟ್ಟುವಷ್ಟರಲ್ಲಿ ಫೋನಿನಲ್ಲಿ ಹುಡುಕಿ ‘ಸಾಂಪ್ರದಾಯಿಕ ಚಿತ್ತಾರ’ದ ಮೂವತ್ತು ಫೋಟೋ ಕೂಡಿಹಾಕಿದ್ದೆ. ಫೋಲ್ಡರ್ ಕೊನೆಗೂ ಉಪಯೋಗಕ್ಕೆ ಬಂತು!

ಸುಮಾ ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿಟ್ಟಿದ್ದಳು. ಅತ್ತೆ ಒಳಗೆ ಮಲಗಿದ್ದಳು. ‘ಬಂದ್ಯನೇ ತಂಗಿ?’ ಎಂದಳು, ಅಷ್ಟೇ. ನಾನು ಜಗುಲಿಯಲ್ಲಿ ಕೂತು ಪೆನ್ಸಿಲ್ಲಿನಿಂದ ಅಳೆದು ಗೆರೆ ಹಾಕಿದೆ. ನೊಗ ಹೊತ್ತ ಜೋಡಿ ಎತ್ತು. ಎತ್ತಿನಗಾಡಿ. ಕೊಡ ಹೊತ್ತ ಹೆಂಗಸರು. ಎದುರುಬದುರು ಎರಡು ನವಿಲು. ಸಂಜೆಯ ಹೊತ್ತಿಗೆ ಬುಟ್ಟಿ ಜಗಮಗ ಎನ್ನುತ್ತಿತ್ತು. ಗೆರೆಯೆಂದರೆ ಗೆರೆ! ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದೆ. ಹೃದಯಗಳ ಸುರಿಮಳೆ. ಒಂಬತ್ತು ತಿಂಗಳ ಬ್ಲಾಕ್ ಒಂದೇ ದಿನಕ್ಕೆ ಒಡೆಯಿತಲ್ಲ ಎಂದು ಹಾಯಾಗಿ ಮಲಗಿದೆ.

ಬೆಳಿಗ್ಗೆ ಅತ್ತೆ ಎದ್ದು ಬಂದು ಬುಟ್ಟಿಯ ಮುಂದೆ ಕೂತಳು. ಎಡಗೈಯಿಂದ ಅದನ್ನು ನಿಧಾನ ತಿರುಗಿಸಿದಳು. ಒಂದು ಸುತ್ತು. ಇನ್ನೊಂದು ಸುತ್ತು. ನಾನು ಹೊಗಳಿಕೆಗೆ ಕಾದು ನಿಂತಿದ್ದೆ.

‘ಯಾರ ಮನೆ ಬುಟ್ಟಿಯೇ ಇದು?’ ಎಂದಳು.

‘ಎಂತ ಹೇಳ್ತೀಯ ಅತ್ತೆ? ನಿಮ್ಮದೇ!’

‘ನಮ್ಮನೇಲಿ ಎತ್ತು ಎಲ್ಲದೆ? ಎತ್ತು ಕೊಟ್ಟು ಎಷ್ಟು ಕಾಲ ಆತು! ಗಾಡಿ ಎಲ್ಲದೆ? ಕೊಡದಲ್ಲಿ ನೀರು ಹೊರೂದು ಯಾರು, ಸುಮಾನಾ? ಮನೆ ಬಾಗ್ಲಲ್ಲಿ ನಲ್ಲಿ ಅದೆ.’

‘ಅದು ಸಂಪ್ರದಾಯ ಅತ್ತೆ. ಎಲ್ಲ ಬುಟ್ಟಿ ಮೇಲೂ ಹಾಗೇ ಇರ್‍ತದೆ.’ ಫೋನ್ ತೆಗೆದು ತೋರಿಸಿದೆ. ಅವಳು ಅದನ್ನು ನೋಡಲೂ ಇಲ್ಲ.

‘ಬಸುರಿ ಮಗಳನ್ನ ನೋಡೂಕೆ ಬುತ್ತಿ ಕಟ್ಕೊಂಡು ಹೋಗ್ತೇವಲ, ಬರೀ ಉಣ್ಣೂಕೆ ಹಾಕಿ ಬತ್ತೇವನೇ? ಅವ್ಳು ಕೇಳ್ತಾಳೆ, ಮನೆಲೆಂತ ಸುದ್ದಿ ಅಂತ. ದನ ಕರು ಹಾಕ್ತನಾ, ಮನೆ ಮಾಡು ಸೋರ್‍ತದನಾ, ಎಲ್ಲ ಹೇಳ್ಬೇಕು. ಬುಟ್ಟಿ ಮೇಲೆ ಬರಿಯೂದು ಆ ಸುದ್ದಿ. ನಮ್ಮನೆ ಈ ವರ್ಷದ ಸುದ್ದಿ. ಭೂಮ್ತಾಯಿ ಮುಂದೆ ಹೋಗಿ, ಇಲ್ಲದ ಎತ್ತು ಅದೆ ಅಂತ ಸುಳ್ಳು ಹೇಳೂದಾ?’

ಅತ್ತೆ ಬೆರಳು ಒದ್ದೆ ಮಾಡಿ ಬಿಳಿ ಗೆರೆಯ ಮೇಲೆ ಉಜ್ಜಿದಳು. ಹೋಗಲಿಲ್ಲ.

‘ಇದೆಂತ, ತೊಳದ್ರೂ ಹೋಗೂದಿಲ್ವನೇ?’

‘ಹೋಗಲ್ಲ ಅತ್ತೆ, ವಾಟರ್‌ಪ್ರೂಫ್!’ (ಇಷ್ಟಾದರೂ ಮೆಚ್ಚಲಿ ಎಂಬ ಆಸೆ.)

‘ಹಂಗಾರೆ ಬರೂ ವರ್ಷ ಎಂತರ ಮೇಲೆ ಬರಿಯೂದು?’

ಸಿಟ್ಟು ಬಂತು. ಸುಳ್ಳು ಯಾಕೆ ಹೇಳಲಿ, ಬಹಳ ಸಿಟ್ಟು ಬಂತು. ದಿನವಿಡೀ ಬೆನ್ನು ಬಗ್ಗಿಸಿ ಕೂತವಳು ನಾನು. ಇನ್ನೂರು ಜನ ಮೆಚ್ಚಿದ್ದಾರೆ. ಈ ಮುದುಕಿಗೆ ಮಾತ್ರ ಎತ್ತಿನ ಲೆಕ್ಕ ಬೇಕಂತೆ! ಜೋಳಿಗೆ ಹೆಗಲಿಗೇರಿಸಿ, ಸುಮಾ ಕರೆಯುತ್ತಿದ್ದರೂ ಕೇಳದೆ ರಸ್ತೆಗೆ ಬಂದೆ. ಬಸ್ಸು ಹೋಗಿ ಐದು ನಿಮಿಷವಾಗಿತ್ತು. ಮುಂದಿನ ಬಸ್ಸು ಮಧ್ಯಾಹ್ನಕ್ಕೆ. (ನಮ್ಮ ಕಡೆ ಸಿಟ್ಟು ಮಾಡಿಕೊಂಡು ಹೊರಡುವವರು ಮೊದಲು ಬಸ್ಸಿನ ಟೈಮ್ ನೋಡಿಕೊಳ್ಳಬೇಕು.)

ಒಂದು ತಾಸು ಮೋರಿಕಟ್ಟೆಯ ಮೇಲೆ ಕೂತಿದ್ದೆ. ಅಲ್ಲಿ ಮಾಡಲು ಬೇರೆ ಕೆಲಸವಿರಲಿಲ್ಲ, ಫೋನಿಗೆ ನೆಟ್‌ವರ್ಕೂ ಇರಲಿಲ್ಲ. ಕೂತು ಕೂತು ಒಂದು ಪ್ರಶ್ನೆ ಹೊಕ್ಕಿತು. ಅತ್ತೆ ಕೇಳಿದ್ದನ್ನೇ ಯಾರಾದರೂ ನನಗೆ ಕೇಳಿದರೆ? ನಿಮ್ಮ ಮನೆಯಲ್ಲಿ ಈ ವರ್ಷ ಏನು ಸುದ್ದಿ? ಯೋಚಿಸಿದೆ. ನನ್ನ ಅಡುಗೆಮನೆ ಕಿಟಕಿಯಾಚೆ ಏನು ಗಿಡವಿದೆ? ಪೇರಲೆಯೋ ಸೀತಾಫಲವೋ? ಹಾಲು ತರುವಾಕೆ ಕನ್ನಡಕ ಹಾಕುತ್ತಾಳೋ ಇಲ್ಲವೋ? ಆಣೆ ಮಾಡಿ ಹೇಳುತ್ತೇನೆ, ನೆನಪಾಗಲಿಲ್ಲ. ಜಪಾನಿನ ಯಾರದೋ ಮನೆಯ ಕಿಟಕಿ ಮಾತ್ರ ಪರದೆಯ ಹೂವಿನ ಸಮೇತ ನೆನಪಿತ್ತು. ಫೋಲ್ಡರಿನಲ್ಲಿದೆ.

ಎದ್ದು ವಾಪಸು ಹೋದೆ.

ಜಗುಲಿಯಲ್ಲಿ ಸುಮಾ ಸಗಣಿ ಬಕೆಟ್ ಹಿಡಿದು ಅನುಮಾನಿಸುತ್ತ ನಿಂತಿದ್ದಳು. ‘ಅಕ್ಕ ಬರೆದದ್ದರ ಮೇಲೆ ಹೆಂಗೆ ಬಳೀಲಿ ಅತ್ತೆ?’ ಎಂದು ಅವಳ ರಾಗ. ನಾನು ಬಕೆಟ್ ಇಸಿದುಕೊಂಡೆ.

ನನ್ನ ವಾಟರ್‌ಪ್ರೂಫ್ ಹೆಮ್ಮೆ ಅಷ್ಟು ಸುಲಭಕ್ಕೆ ಹೋಗುವಂಥದ್ದಲ್ಲ. ಸಗಣಿ ಬಳಿದರೆ ಅಕ್ರಿಲಿಕ್ ಮೇಲಿಂದ ಜಾರಿ ಇಳಿಯುತ್ತಿತ್ತು. ಕರಟದ ಚೂರಿನಿಂದ ಗೆರೆ ಗೆರೆಯನ್ನೂ ಹೆರೆಯಬೇಕಾಯಿತು. ಎತ್ತು ಹೆರೆದೆ. ಗಾಡಿ ಹೆರೆದೆ. ನವಿಲು ಹೆರೆಯುವಾಗ ಸ್ವಲ್ಪ ಹೊಟ್ಟೆ ಉರಿಯಿತು, ಚೆನ್ನಾಗಿ ಬಂದಿತ್ತು. ‘ನವಿಲು ಬರೀಬೋದಾಗಿತ್ತು’ ಎಂದಳು ಅತ್ತೆ, ‘ಅದು ಈ ವರ್ಷ ನಮ್ಮ ಗದ್ದೆಗೆ ಬಂದದೆ. ಆದ್ರೆ ನಿನ್ನ ನವಿಲು ಕುಣೀತಿತ್ತು. ನಮ್ಮಲ್ಲಿಗೆ ಬಂದದ್ದು ಕುಣೂಕಲ್ಲ, ಭತ್ತ ತಿನ್ನೂಕೆ.’

ಮತ್ತೆ ಸಗಣಿ, ಮತ್ತೆ ಕೆಮ್ಮಣ್ಣು. ಬಿಸಿಲಿಗೆ ಒಣಗಲು ಇಟ್ಟೆ. ‘ಈಗ ಹೇಳು ಅತ್ತೆ, ಏನೇನು ಬರೀಲಿ? ನೀನು ಹೇಳಿದ ಹಾಗೇ ಬರೀತೇನೆ. ಅಕ್ಕಿಹಿಟ್ಟಿನಲ್ಲೇ.’

‘ನೀ ಅಕ್ಕಿ ಬೀಸಿಕೊಡು, ಸಾಕು. ಬರಿಯೂದು ನಾನು.’

‘ಯಾವ ಕೈಯಲ್ಲಿ?’

‘ಇನ್ನೊಂದು ಅದೆಯಲ!’

ಸುಮಾ ಹೆದರಿದಳು. ‘ಅತ್ತೆ, ಎಡಗೈಲಿ ಬರೆದ್ರೆ ನಡೀತದನ? ಪೂಜೆ ಬುಟ್ಟಿ ಅದು.’

ಅತ್ತೆ ಅವಳನ್ನು ಸೀದಾ ನೋಡಿದಳು. ‘ನಾಟಿ ಮಾಡೂವಾಗ ಸಸಿ ಕಟ್ಟು ಯಾವ ಕೈಲಿ ಹಿಡೀತಿ? ಎಡಗೈಲಿ. ಆಗ ಭೂಮ್ತಾಯಿ ಬ್ಯಾಡ ಅಂದಾಳನೇ?’

ಮುಗಿಯಿತು. ಅದರ ಮೇಲೆ ಅಪೀಲಿಲ್ಲ.

ಇನ್ನು ಅವಳ ಕೆಲಸ ಹೇಗೆ ಶುರುವಾಯಿತು ಅಂತೀರಾ? ಕುಂಚ ಮುಟ್ಟಲೇ ಇಲ್ಲ. ಆ ದಿನ ಕತ್ತಲಾಗುವವರೆಗೂ, ಪ್ಲಾಸ್ಟರ್ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆ ಸುತ್ತಿದಳು. ಕೊಟ್ಟಿಗೆಗೆ ಹೋಗಿ ನಿಂತಳು. ಅಂಗಳದಲ್ಲಿ ನಿಂತಿದ್ದ ಪವರ್ ಟಿಲ್ಲರಿನ ಸುತ್ತ ಬಂದು ಅದರ ಹಿಡಿಕೆ ಎಷ್ಟು ಬಾಗಿದೆ ಎಂದು ಬೆರಳಲ್ಲಿ ಸವರಿ ನೋಡಿದಳು. ಸುಮಾ ಹೊಸದಾಗಿ ಕಲಿತ ಸ್ಕೂಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ‘ಇದ್ಕೆ ಕನ್ನಡಿ ಎರಡನಾ, ಒಂದನಾ?’ ಎಂದು ವಿಚಾರಿಸಿದಳು. (ಒಂದೇ. ಇನ್ನೊಂದು ಕಲಿಯುವಾಗ ಹೋಯಿತು.) ಮಗ ಮಂಜುನನ್ನು ಕರೆದು ಹಂದಿ ತಡೆಯಲು ಹಾಕಿದ ಕರೆಂಟು ಬೇಲಿಗೆ ಎಷ್ಟು ಸಾಲು ತಂತಿ ಎಂದು ಕೇಳಿ, ಸಾಲದೆ ತಾನೇ ಗದ್ದೆಗೆ ಹೋಗಿ ಎಣಿಸಿ ಬಂದಳು. ಅವನು ಮೂರು ಎಂದಿದ್ದ. ನಾಲ್ಕಿತ್ತು.

ನಾನು ಹಿಂದೆ ಹಿಂದೆ ಹೋಗುತ್ತಿದ್ದೆ. ಐದು ವರ್ಷದ ಕಾಲೇಜಿನಲ್ಲಿ ನೋಡುವುದಕ್ಕೇ ಅಂತ ಒಂದು ದಿನ ಯಾರೂ ಎತ್ತಿಟ್ಟಿರಲಿಲ್ಲ.

ಮರುದಿನ ಕೂತಳು. ಬುಟ್ಟಿಯನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು, ಪುಂಡಿ ನಾರಿನ ಕುಂಚವನ್ನು ಎಡಗೈಗೆ ತೆಗೆದುಕೊಂಡು, ನಾನು ಬೀಸಿದ ಅಕ್ಕಿಹಿಟ್ಟಿನಲ್ಲಿ ಅದ್ದಿದಳು. ಮೊದಲ ಗೆರೆ ಹಾವಿನ ಹಾಗೆ ಹೋಯಿತು. ಒರೆಸಿದಳು. ಎರಡನೆಯದೂ ಹಾಗೇ. ಒರೆಸಿದಳು. ಏಳನೆಯದೋ ಎಂಟನೆಯದೋ ಗೆರೆಯ ಹೊತ್ತಿಗೆ ಹಣೆಯ ಮೇಲೆ ಬೆವರು. ನೋಡಲಾರದೆ, ‘ಕೈ ಹಿಡಿಯಲಾ ಅತ್ತೆ?’ ಎಂದೆ.

‘ಮುಟ್ಟಬ್ಯಾಡ. ಇಷ್ಟು ವರ್ಷ ಈ ಎಡಗೈ ಹಿಟ್ಟಿನ ಪಾತ್ರೆ ಹಿಡ್ಕೊಂಡು ಬಲಗೈ ಬರಿಯೂದನ್ನ ನೋಡಿದ್ದೇ ನೋಡಿದ್ದು. ನೋಡಿ ಕಲ್ತಿರ್‍ತದೆ. ಬರೀಲಿ.’

ಬರೆಯಿತು ನೋಡಿ! ನೆಟ್ಟಗೆ ಬರೆಯಲಿಲ್ಲ, ಬರೆಯಿತು. ಭತ್ತದ ಸಸಿ ಗಾಳಿಗೆ ಬಾಗಿದಂತೆ ಬಂತು. ಪವರ್ ಟಿಲ್ಲರ್ ಅರ್ಧ ದಿನ ತಿಂದು, ಕೊನೆಗೆ ಕೋಡಿಲ್ಲದ ಎಮ್ಮೆಯಂತೆ ನಿಂತಿತು. ಸ್ಕೂಟಿಗೆ ಒಂದೇ ಕನ್ನಡಿ. ಬೇಲಿಗೆ ನಾಲ್ಕೇ ಸಾಲು. ನವಿಲು ಬಂತು, ಅದರ ಹಿಂದೆ ಕಲ್ಲು ಎತ್ತಿದ ಮಂಜುನೂ ಬಂದ. ನಾನು ನಗುತ್ತಿದ್ದೆ, ಸುಮಾ ನಗುತ್ತಿದ್ದಳು, ಅತ್ತೆ ಮಾತ್ರ ತುಟಿ ಬಿಗಿಹಿಡಿದು ಬರೆಯುತ್ತಿದ್ದಳು.

ಒಂದು ಕಡೆ ಚಿಕ್ಕ ಗೂಟ ಬರೆದಳು. ಅದಕ್ಕೆ ಕಟ್ಟಿದ ಹಗ್ಗ ಬರೆದಳು. ಹಗ್ಗದ ಇನ್ನೊಂದು ತುದಿ ನೆಲದ ಮೇಲೆ ಬಿದ್ದಿತ್ತು. ಮುಂದೆ ದನ ಬರೆಯುತ್ತಾಳೆ ಎಂದು ಕಾದೆ. ಬರೆಯಲಿಲ್ಲ, ಆಚೆ ಹೋದಳು.

‘ದನ ಮರೆತೆ ಅತ್ತೆ.’

‘ಮರೀಲಿಲ್ಲ. ಶ್ರಾವಣದಲ್ಲಿ ನಮ್ಮ ಕೆಂಪಿ ಸತ್ತುಹೋತು’ ಎಂದಳು. ‘ಇಲ್ಲದ್ದನ್ನೂ ಹೇಳ್ಬೇಕಲ ತಂಗಿ.’

ಸುಮಾ ಎದ್ದು ಒಳಗೆ ಹೋದಳು. ಒಂದು ಗೂಟ, ಒಂದು ಹಗ್ಗ, ಪಕ್ಕದಲ್ಲಿ ಅಂಗೈಯಗಲ ಖಾಲಿ ಕೆಮ್ಮಣ್ಣು. ನನ್ನ ಮೂವತ್ತು ಫೋಟೋಗಳಲ್ಲಿ ಇಂಥದ್ದು ಒಂದೂ ಇರಲಿಲ್ಲ. ಹೇಗಿರುತ್ತದೆ? ಕೆಂಪಿ ಆ ಬುಟ್ಟಿಯವರ ಮನೆಯಲ್ಲಿ ಇರಲಿಲ್ಲವಲ್ಲ.

ಹುಣ್ಣಿಮೆಯ ಹಿಂದಿನ ದಿನ ಮಧ್ಯಾಹ್ನ ಬುಟ್ಟಿ ಮುಗಿಯಿತು. ಅತ್ತೆಯ ಎಡಗೈ ಊದಿಕೊಂಡಿತ್ತು. ‘ಇದ್ಕೂ ಒಂದು ಪ್ಲಾಸ್ಟರ್ ಹಾಕಿಸ್ಬೇಕು’ ಎಂದು ಮಂಜು ತಮಾಷೆ ಮಾಡಿದ. ಆಕೆ ಅದೇ ಕೈಯಿಂದ ಅವನ ಬೆನ್ನಿಗೊಂದು ಕೊಟ್ಟಳು. ಆ ಕೆಂಪು ಬುಟ್ಟಿಯ ಮೇಲೆ ಒಂದೂ ನೇರ ಗೆರೆಯಿರಲಿಲ್ಲ. ಆದರೂ ನೂರು ಬುಟ್ಟಿಯ ನಡುವೆ ಇಟ್ಟರೆ ಮಗು ಕೂಡ ಗುರುತು ಹಿಡಿಯುತ್ತಿತ್ತು, ಇದು ಯಾರ ಮನೆಯದೆಂದು.

ತಿರುಗಿಸಿ ತಿರುಗಿಸಿ ನೋಡಿದೆ. ಕೆಳಗಡೆ ಸಾಲಾಗಿ ಗೊಂಬೆಗಳು. ಟಿಲ್ಲರ್ ಹಿಡಿದ ಗೊಂಬೆ ಮಂಜು. ಹ್ಯಾಂಡಲ್ ಹಿಡಿದ ಗೊಂಬೆ ಸುಮಾ. ಒಂದು ಕೈ ಒನಕೆಯಷ್ಟು ದಪ್ಪ, ಇನ್ನೊಂದು ಕೈಯಲ್ಲಿ ಕುಂಚ. ಅದು ಅತ್ತೆಯೇ, ಕೇಳುವುದೇ ಬೇಡ. ಸ್ವಲ್ಪ ದೂರದಲ್ಲಿ ನಾಲ್ಕನೆಯದೊಂದು ಇತ್ತು. ಹೆಗಲಿಗೆ ಜೋಳಿಗೆ.

‘ಇದು ಯಾರು ಅತ್ತೆ?’

‘ನೀನೇ ಮತ್ತೆ. ಈ ವರ್ಷ ಹಬ್ಬಕ್ಕೆ ಬಂದಿದ್ಯಲ, ಅದೂ ಸುದ್ದಿನೇಯ.’

ಕಣ್ಣು ತುಂಬಿತು. ಯಾವ ಪ್ರದರ್ಶನದಲ್ಲೂ ಇಷ್ಟು ಸಂತೋಷ ಆಗಿರಲಿಲ್ಲ. ಹತ್ತಿರ ಬಗ್ಗಿ ನೋಡಿದೆ. ಉಳಿದ ಮೂವರ ಕೈಯಲ್ಲೂ ಏನೋ ಒಂದಿದೆ. ನನ್ನ ಗೊಂಬೆಯ ಎರಡೂ ಕೈ ಸುಮ್ಮನೆ ಕೆಳಗೆ ಜೋತುಬಿದ್ದಿವೆ.

‘ನನ್ನ ಕೈ ಖಾಲಿ ಬಿಟ್ಟಿದ್ದೀಯಲ್ಲ? ಒಂದು ಬ್ರಶ್ಶಾದ್ರೂ ಬರಿ ಅತ್ತೆ!’

ಅವಳು ನನ್ನನ್ನು ನೋಡಿದಳು. ಕೊಂಕಿಲ್ಲ, ಸಿಟ್ಟಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳುವವರ ಹಾಗೆ ಕೇಳಿದಳು, ‘ಈ ವರ್ಷ ನೀ ಎಂತ ಬರ್‍ದಿದ್ಯೇ?’

ಬೆಕ್ಕು ನೆನಪಾಯಿತು. ಆ ಕಡೆಯಿಂದ ಈ ಕಡೆಗೆ ತಿರುಗಿದ ಬೆಕ್ಕು. ಕಣ್ಣೊರೆಸಿಕೊಂಡೆ.

‘ಅಳೂದೆಂತಕ್ಕೆ? ಬರೂ ವರ್ಷ ಇದ್ರ ಮೇಲೆ ಸಗಣಿ ಬಳಿಯೂದೇ ಅಲ್ವನೇ’ ಎಂದಳು. ‘ನೀ ಎಂತಾರೂ ಮಾಡಿ ಬಾ. ಬರಿಯೂಕೆ ಜಾಗ ಅದೆ.’

ಹುಣ್ಣಿಮೆಯ ಬೆಳಿಗ್ಗೆ ಆ ಬುಟ್ಟಿಯನ್ನು ಸುಮಾ ತಲೆಯ ಮೇಲೆ ಹೊತ್ತಳು. ಗದ್ದೆಯ ಬದುವಿನ ಮೇಲೆ, ಅತ್ತೆ ಜಾರಿಬಿದ್ದ ಅದೇ ಬದುವಿನ ಮೇಲೆ, ಒಬ್ಬರ ಹಿಂದೊಬ್ಬರು ನಡೆದೆವು. ಪೂಜೆಯಾಯಿತು, ಅಲ್ಲೇ ಕೂತು ಉಂಡೆವು. ನನ್ನ ಬರಿಗೈ ಸುದ್ದಿಯೂ ಭೂಮಿಗೆ ಮುಟ್ಟಿತು. ಮುಟ್ಟಲಿ. ಅದೇನು ಸುಳ್ಳಲ್ಲವಲ್ಲ.

ಶಿರಸಿಗೆ ಬಂದವಳು ಫೋಲ್ಡರ್ ಅಳಿಸಿದೆ. ಕಿವಿಯ ಹತ್ತಿ ಕಸಕ್ಕೆ ಹಾಕಿದೆ. ಪಕ್ಕದ ಮನೆಗೆ ಹೋಗಿ, ‘ನಿಮ್ಮ ಮಿಕ್ಸರನ್ನ ಸ್ವಲ್ಪ ನೋಡಬಹುದಾ?’ ಎಂದೆ. ಅವರು ಹೌಹಾರಿದರು, ಜಗಳಕ್ಕೇ ಬಂದಳು ಎಂದುಕೊಂಡಿರಬೇಕು. ಮುಚ್ಚಳ ಸೀಳಿಹೋಗಿದೆ, ರಬ್ಬರ್ ಬ್ಯಾಂಡ್ ಸುತ್ತಿದ್ದಾರೆ. ರುಬ್ಬುವಾಗ ಮನೆಯಾಕೆ ಅದನ್ನು ಎರಡೂ ಕೈಯಿಂದ ಅದುಮಿ ಹಿಡಿದು ಕಣ್ಣು ಮುಚ್ಚುತ್ತಾರೆ. ಒಂಬತ್ತು ತಿಂಗಳು ಆ ಸದ್ದನ್ನು ಬೈದಿದ್ದೆ, ಆ ಮುಚ್ಚಿದ ಕಣ್ಣು ನೋಡಿರಲಿಲ್ಲ. (ಕಿಟಕಿಯಾಚೆ ಇರುವುದು ಪೇರಲೆ. ಹಾಲಿನಾಕೆಗೆ ಕನ್ನಡಕ ಇದೆ.)

ಈ ವಾರ ಪಕ್ಕದಲ್ಲಿರುವ ಚಿತ್ರ ಹಳೆಯದಲ್ಲ. ಯಲ್ಲಾಪುರದವರು ಬೇಕಾದರೆ ಭೂತಗನ್ನಡಿ ಹಿಡಿದು ನೋಡಲಿ. ಗೆರೆ ಅಲ್ಲಲ್ಲಿ ನಡುಗಿದೆ, ಇರಲಿ. ನಾಳೆಯೂ ಬಿಡಿಸುತ್ತೇನೆ, ನಾಡಿದ್ದೂ ಬಿಡಿಸುತ್ತೇನೆ, ಚೆನ್ನಾಗಿ ಬರಲಿ ಬಾರದಿರಲಿ. ಬರುವ ಭೂಮಿ ಹುಣ್ಣಿಮೆಗೆ ಅತ್ತೆಯ ಕೈ ಯಾವುದೇ ಇರಲಿ, ನನ್ನ ಗೊಂಬೆಯ ಕೈಗೆ ಅವಳು ಏನಾದರೂ ಕೊಡಲೇಬೇಕು.

ಅದಿರಲಿ, ಈ ವರ್ಷದ ಬುಟ್ಟಿಯ ಮೇಲೆ ಅವಳು ನಿಮ್ಮನ್ನು ಬರೆದಿದ್ದರೆ, ಕೈಯಲ್ಲಿ ಏನಿರುತ್ತಿತ್ತು?